ಸರೋದಿನ ಪಕ್ಕ ರ‍್ಯಾಪು: ಒಂದು ಮನೆತನದ ಬೆರಕೆ ಪುರಾಣ

ಉಸ್ತಾದ್ ಅಲಿ ಅಕ್ಬರ್ ಖಾನರ ಮಗ, ರ‍್ಯಾಪ್ ಹಾಡುವವನ ಪಕ್ಕ ಕೂತು ಸರೋದ್ ನುಡಿಸುತ್ತಾರೆ ಅಂದರೆ ನೀವೇನಂತೀರಿ? "ಅಪ್ಪ ಕಟ್ಟಿದ್ದನ್ನ ಮಗ ಕೆಡವಿದ" ಅಂತೀರಾ? ಅಥವಾ "ಕಾಲಕ್ಕೆ ತಕ್ಕ ಹಾಗೆ ಕೋಲ" ಅಂತ ಸುಮ್ಮನಾಗ್ತೀರಾ?

ಇದು ಗಾಳಿಸುದ್ದಿ ಅಲ್ಲ. ಹತ್ತಿಪ್ಪತ್ತು ಮೈಲಿ ಆಚೆ ಈಚೆ, ನಮ್ಮ ಬೇ ಏರಿಯಾದಲ್ಲೇ ನಡೆದದ್ದು. ತಂಡದ ಹೆಸರು ಗ್ರ್ಯಾಂಡ್ ಟ್ಯಾಪೆಸ್ಟ್ರಿ. ಮೂವರೇ ಮೂವರು. ಸರೋದ್ ಹಿಡಿದವರು ಆಲಂ ಖಾನ್, ಅಂದರೆ ಅಲಿ ಅಕ್ಬರರ ಮಗ, ಮೈಹರದ ಬಾಬಾ ಅಲ್ಲಾವುದ್ದೀನ್ ಖಾನರ ಮೊಮ್ಮಗ. ತಬಲಾ ಸಲಾರ್ ನಾದರ್ ಅವರದ್ದು. ಅಫ್ಘನ್ ಕುಟುಂಬದ ಹುಡುಗ, ಬೆಳೆದದ್ದು ಇಲ್ಲೇ, ಕಲಿತದ್ದು ಜಾಕಿರ್ ಹುಸೇನರ ಹತ್ತಿರ. ಮಾತು ಎಲೈ ಅನ್ನೋ ರ‍್ಯಾಪರ್‌ದು. ಓಕ್ಲೆಂಡಿನಲ್ಲಿ 1990ರ ದಶಕದಲ್ಲಿ ಹುಟ್ಟಿದ 'ಲಿವಿಂಗ್ ಲೆಜೆಂಡ್ಸ್' ಅನ್ನೋ ಹಿಪ್‌ಹಾಪ್ ಗುಂಪಿನವರು ಅವರು.

ಶಾಸ್ತ್ರೀಯದವರ ಹತ್ತಿರ ಇದರ ಸುದ್ದಿ ಎತ್ತಿದರೆ ಮುಖ ಹುಳ್ಳಗಾಗುತ್ತೆ. ಹಿಪ್‌ಹಾಪ್ ಕೇಳೋ ಮಕ್ಕಳ ಹತ್ತಿರ ಎತ್ತಿದರೆ "ಸರೋದ್ ಅಂದ್ರೇನು?" ಅಂತಾರೆ. ಇಬ್ಬರಿಗೂ ಹೇಳಬೇಕಾದ ಒಂದು ಹಳೇ ಕಥೆ ಇದೆ. ಆ ಕಥೆ ಗೊತ್ತಾದರೆ, ಈ ಮನೆಯಲ್ಲಿ ಬೆರೆಸಿದ್ದು ಮೊಮ್ಮಗ ಮೊದಲೇನೂ ಅಲ್ಲ, ಅಜ್ಜನೇ ಎಲ್ಲರಿಗಿಂತ ದೊಡ್ಡ ಬೆರಕೆಗಾರ ಅನ್ನೋದು ತಿಳಿಯುತ್ತೆ.

ಅಜ್ಜ

ಅಲ್ಲಾವುದ್ದೀನ್ ಖಾನರು ಹುಟ್ಟಿದ್ದು ಇವತ್ತಿನ ಬಾಂಗ್ಲಾದೇಶದ ಶಿಬ್‌ಪುರ ಅನ್ನೋ ಹಳ್ಳಿಯಲ್ಲಿ. ಇನ್ನೂ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿಹೋಗಿ ಜಾತ್ರಾ ತಂಡ ಸೇರಿಕೊಂಡರು. ಜಾತ್ರಾ ಅಂದರೆ ಬಂಗಾಳದ ಬಯಲಾಟ ಅನ್ನಿ. ಊರೂರು ತಿರುಗುವ ಆಟದವರ ಜೊತೆ ಅಲ್ಲಿನ ಜನಪದ ಹಾಡುಗಳೆಲ್ಲ ಕಿವಿಗೆ ಬಿದ್ದವು. ಆಮೇಲೆ ಕಲ್ಕತ್ತಾ. ನೂಲೋ ಗೋಪಾಲ್ ಅನ್ನೋ ಗಾಯಕರ ಹತ್ತಿರ ವರ್ಷಗಟ್ಟಲೆ ಸ್ವರಸಾಧನೆ. ಗುರು ತೀರಿಕೊಂಡ ಮೇಲೆ ಈ ಹುಡುಗ ಗಾಯನ ಬಿಟ್ಟು ವಾದ್ಯಗಳ ಬೆನ್ನು ಹತ್ತಿದ.

ಬೆನ್ನು ಹತ್ತಿದ್ದು ಒಂದೆರಡಕ್ಕಲ್ಲ. ಸ್ಟಾರ್ ಥಿಯೇಟರಿನ ಸಂಗೀತ ನಿರ್ದೇಶಕ, ವಿವೇಕಾನಂದರ ಬಂಧು ಹಾಬು ದತ್ತರ ಹತ್ತಿರ ಹಲವು ವಾದ್ಯ ಕಲಿತರು. ಲೋಬೊ ಅನ್ನೋ ಗೋವಾದ ಬ್ಯಾಂಡ್‌ಮಾಸ್ಟರ್ ಹತ್ತಿರ ಪಾಶ್ಚಾತ್ಯ ಪದ್ಧತಿಯ ಪಿಟೀಲು. ಕೊಳಲು, ಕ್ಲಾರಿಯೊನೆಟ್, ಶಹನಾಯಿ, ಪಖಾವಾಜ್, ತಬಲಾ... ಪಟ್ಟಿ ಮುಗಿಯೋದಿಲ್ಲ. ನಂತರ ಅಹಮದ್ ಅಲಿ ಖಾನರಿಂದ ಸರೋದ್. ಕೊನೆಗೆ ರಾಮ್‌ಪುರಕ್ಕೆ ಹೋಗಿ, ತಾನಸೇನನ ಪರಂಪರೆಯ ಬೀನಕಾರ ವಜೀರ್ ಖಾನರ ಕಾಲು ಹಿಡಿದು, ಕಾಡಿ ಬೇಡಿ ಶಿಷ್ಯರಾದರು. ನೋಡಿ, ಬಯಲಾಟದ ಹಾಡು, ನಾಟಕ ಕಂಪನಿ, ಬ್ರಿಟಿಷರ ಬ್ಯಾಂಡು, ತಾನಸೇನನ ಮನೆ: ಎಲ್ಲವನ್ನೂ ಒಂದೇ ಹೊಟ್ಟೆಗೆ ಹಾಕಿಕೊಂಡ ಮನುಷ್ಯ.

ಇಂಥವರಿಗೆ ಆಶ್ರಯ ಕೊಟ್ಟದ್ದು ಮೈಹರ್ ಅನ್ನೋ ಪುಟ್ಟ ಸಂಸ್ಥಾನದ ಮಹಾರಾಜ ಬ್ರಿಜನಾಥ ಸಿಂಗ್. ಈಗಿನ ಮಧ್ಯಪ್ರದೇಶದ ಊರದು, ಗುಡ್ಡದ ಮೇಲೆ ಶಾರದೆಯ ಗುಡಿ. ಐದು ಹೊತ್ತು ನಮಾಜು ಮಾಡುವ ಬಾಬಾ ಆ ಶಾರದೆಯ ಪರಮಭಕ್ತ. 1918ರ ಹೊತ್ತಿಗೆ ಸಾಂಕ್ರಾಮಿಕ ರೋಗ ಬಡಿದು ಊರಲ್ಲಿ ಎಷ್ಟೋ ಮಕ್ಕಳು ತಬ್ಬಲಿಗಳಾದರು. ಬಾಬಾ ಆ ಅನಾಥ ಮಕ್ಕಳನ್ನ ಸೇರಿಸಿಕೊಂಡು ಒಂದು ವಾದ್ಯವೃಂದ ಕಟ್ಟಿದರು. ಅದೇ ಮೈಹರ್ ಬ್ಯಾಂಡ್.

ಅದರಲ್ಲಿದ್ದ ವಾದ್ಯಗಳನ್ನ ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತೆ. ಸಿತಾರು, ಸರೋದು, ತಬಲಾ ಇದ್ದವು ಸರಿ. ಜೊತೆಗೆ ಪಿಟೀಲು, ಚೆಲ್ಲೊ, ಪಿಯಾನೊ. ಇದೂ ಸಾಲದು ಅಂತ 'ನಲ್ ತರಂಗ್' ಅನ್ನೋ ವಾದ್ಯವನ್ನ ಬಾಬಾ ತಾವೇ ಮಾಡಿದರು. ಅದು ಏನು ಗೊತ್ತಾ? ಅರಮನೆಯ ಶಸ್ತ್ರಾಗಾರದಲ್ಲಿ ಬಿಸಾಕಿದ್ದ ಬಂದೂಕಿನ ನಳಿಗೆಗಳು! ಅವನ್ನ ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ, ಸ್ವರಕ್ಕೆ ಹೊಂದಿಸಿ, ಜಲತರಂಗದ ಹಾಗೆ ಕೋಲಿನಲ್ಲಿ ಬಾರಿಸೋದು. ಬೇಡದ ಸಾಮಾನಿನಿಂದ ಸಂಗೀತ ಹುಟ್ಟಿಸೋದನ್ನ ಹಿಪ್‌ಹಾಪಿನವರು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಹಳೇ ಗ್ರಾಮಫೋನ್ ತಟ್ಟೆ ತಿರುಗಿಸಿ ಮಾಡಿದ್ದು 1970ರ ದಶಕದಲ್ಲಿ. ಮೈಹರದ ತಬ್ಬಲಿ ಮಕ್ಕಳು ಅದಕ್ಕಿಂತ ಅರ್ಧ ಶತಮಾನ ಮುಂಚೆ ಬಂದೂಕಿನಲ್ಲಿ ರಾಗ ನುಡಿಸಿದ್ದರು.

ಸರೋದನ್ನಾದರೂ ಸುಮ್ಮನೆ ಬಿಟ್ಟರಾ? ಅದು ಮೂಲದಲ್ಲಿ ಅಫ್ಘನ್ನರ ರಬಾಬ್. ಮರದ ಪಟ್ಟಿಯ ಬದಲು ಲೋಹದ ಪಟ್ಟಿ, ಕರುಳಿನ ತಂತಿಯ ಬದಲು ಲೋಹದ ತಂತಿ ಬಂದು ಹತ್ತೊಂಬತ್ತನೇ ಶತಮಾನದಲ್ಲಿ ಸರೋದ್ ಆಯಿತು. ಬಾಬಾ ಮತ್ತು ಅವರ ತಮ್ಮ ಆಯೆತ್ ಅಲಿ ಖಾನ್ ಸೇರಿ ಅದರ ಬುರುಡೆಯನ್ನ ಇನ್ನಷ್ಟು ದೊಡ್ಡದು, ದುಂಡಗೆ ಮಾಡಿ, ತಂತಿಗಳನ್ನ 25ಕ್ಕೆ ಏರಿಸಿದರು. 'ಶುದ್ಧ ಮೈಹರ್ ಸರೋದ್' ಅಂತ ನಾವು ಕೈಮುಗಿಯೋ ವಾದ್ಯವೇ ಹೀಗೆ ತಿದ್ದಿ ತೀಡಿ ಆದದ್ದು.

ಮೈಸೂರಿನ ಕಡೆ ಒಂದು ಸುತ್ತು

"ಅದು ಉತ್ತರದವರ ಕಥೆ, ನಮ್ಮಲ್ಲಿ ಹಾಗಿರಲಿಲ್ಲ" ಅನ್ನುವವರಿಗಾಗಿ ಸ್ವಲ್ಪ ಮೈಸೂರಿಗೆ ಹೋಗಿಬರೋಣ.

ಬಾಬಾ ಮೈಹರದಲ್ಲಿ ಬ್ಯಾಂಡ್ ಕಟ್ಟುತ್ತಿದ್ದ ಕಾಲಕ್ಕೆ ಮೈಸೂರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ವೀಣೆ, ಪಿಟೀಲು, ಕೊಳಲು, ಮೃದಂಗದ ಜೊತೆ ಪಿಯಾನೊ, ಸ್ಯಾಕ್ಸೊಫೋನೂ ನುಡಿಸಬಲ್ಲ ದೊರೆ. ಅರಮನೆಯಲ್ಲಿ ಕರ್ನಾಟಕ ಸಂಗೀತದ ವೃಂದವೂ ಇತ್ತು, ಪಾಶ್ಚಾತ್ಯ ಬ್ಯಾಂಡೂ ಇತ್ತು. ವೀಣೆ ಶೇಷಣ್ಣನವರು (1852-1926) ವೀಣೆಗೆ ಹೆಸರಾದರೂ ಪಿಟೀಲು, ಪಿಯಾನೊ ಯಾವುದೂ ಅವರ ಬೆರಳಿಗೆ ಅನ್ಯವಾಗಿರಲಿಲ್ಲ. ಪಿಟೀಲು ಚೌಡಯ್ಯನವರಂತೂ (1895-1967) ದೊಡ್ಡ ಸಭೆಯ ಕೊನೇ ಸಾಲಿಗೂ ಕೇಳಿಸಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದರು. ಆ ಪಿಟೀಲಾದರೂ ಎಲ್ಲಿಂದ ಬಂತು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786-1859) ಯೂರೋಪಿನವರಿಂದ ಕಲಿತು ನಮ್ಮ ಸಂಗೀತಕ್ಕೆ ತಂದದ್ದು. ಇವತ್ತು ಪಿಟೀಲಿಲ್ಲದ ಕಚೇರಿ ಊಹಿಸಿಕೊಳ್ಳಿ ನೋಡೋಣ!

ಮುಂದೆ ಜಯಚಾಮರಾಜ ಒಡೆಯರು ಒಂದು ಕೈಯಲ್ಲಿ ಶ್ರೀವಿದ್ಯೆಯ ಕೀರ್ತನೆಗಳನ್ನ ರಚಿಸುತ್ತಾ, ಇನ್ನೊಂದು ಕೈಯಲ್ಲಿ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಡ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಲಂಡನ್ನಿಗೆ ಹಣ ಕಳಿಸಿದರು. ಅದೇ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ದಕ್ಷಿಣ ಕನ್ನಡದ ಹುಡುಗ ಕದ್ರಿ ಗೋಪಾಲನಾಥರು. ನಾಗಸ್ವರದ ಮನೆಯಲ್ಲಿ ಹುಟ್ಟಿ, ಆ ಹಿತ್ತಾಳೆಯ ಕೊಳವೆಯಲ್ಲಿ ಗಮಕ ತರಿಸೋಕೆ ವರ್ಷಗಟ್ಟಲೆ ಒದ್ದಾಡಿ ಗೆದ್ದರು. 2008ರಲ್ಲಿ ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಾಂತಪ್ಪ (ಹೆಸರು ಕೇಳಿದರೇ ನಮ್ಮೋರು ಅಂತ ಗೊತ್ತಾಗುತ್ತಲ್ಲ) ಕದ್ರಿಯವರ ಜೊತೆ ಸೇರಿ 'ಕಿನ್ಸ್‌ಮೆನ್' ಅನ್ನೋ ಆಲ್ಬಮ್ ತಂದರು.

ಆದ್ದರಿಂದ ಬೆರಕೆ ಅನ್ನೋದು ನಮ್ಮಲ್ಲೂ ಹೊಸ ರೋಗ ಏನಲ್ಲ, ಹಳೇ ಆರೋಗ್ಯ. ಬನ್ನಿ, ವಾಪಸ್ ಮೈಹರದ ಮನೆಗೆ.

ಅಪ್ಪ

ಅಲಿ ಅಕ್ಬರ್ ಖಾನ್ ಹುಟ್ಟಿದ್ದು 1922ರ ಏಪ್ರಿಲ್ 14. ಅಪ್ಪನಿಂದ ಗಾಯನ ಮತ್ತು ವಾದ್ಯಗಳು, ದೊಡ್ಡಪ್ಪ ಫಕೀರ್ ಆಫ್ತಾಬುದ್ದೀನರಿಂದ ತಾಳವಾದ್ಯ. ಬಾಲ್ಯ ಅಂತ ಒಂದಿತ್ತಾ ಅಂತ ಅನುಮಾನ ಬರುವಷ್ಟು ಕಠಿಣ ಸಾಧನೆ. ಜೋಧ್‌ಪುರದ ಆಸ್ಥಾನ ವಿದ್ವಾಂಸರಾದರು. ಅಲ್ಲಿನ ಮಹಾರಾಜ ಹನ್ವಂತ್ ಸಿಂಗ್ 1952ರ ಜನವರಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ರಾಜಾಶ್ರಯವೂ ಹೋಯಿತು.

ಆಮೇಲೆ ಅವರು ಸಿನಿಮಾಕ್ಕೂ ಸಂಗೀತ ಕೊಟ್ಟರು. ಚೇತನ್ ಆನಂದರ 'ಆಂಧಿಯಾಂ' (1952), ಸತ್ಯಜಿತ್ ರೇ ಅವರ 'ದೇವಿ' (1960), ತಪನ್ ಸಿನ್ಹಾರ 'ಕ್ಷುಧಿತ ಪಾಷಾಣ' (1960), ಮರ್ಚಂಟ್-ಐವರಿಯ 'ದ ಹೌಸ್‌ಹೋಲ್ಡರ್' (1963). ಅವರ ಹತ್ತಿರ ಸರೋದ್ ಕಲಿತ ಹುಡುಗನೊಬ್ಬ ಮುಂದೆ ಹಿಂದಿ ಚಿತ್ರಸಂಗೀತವನ್ನೇ ಬುಡಮೇಲು ಮಾಡಿದ. ಅವನೇ ಆರ್.ಡಿ. ಬರ್ಮನ್.

1955ರಲ್ಲಿ ಪಿಟೀಲುವಾದಕ ಯೆಹೂದಿ ಮೆನುಹಿನ್ನರ ಕರೆಯ ಮೇಲೆ ಅಲಿ ಅಕ್ಬರ್ ಅಮೆರಿಕಕ್ಕೆ ಬಂದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಕಚೇರಿ, ಟೀವಿಯಲ್ಲಿ ಕಾರ್ಯಕ್ರಮ, ಎಲ್ಪಿ ರೆಕಾರ್ಡು. ಮುಂದಿನ ವರ್ಷ ಕಲ್ಕತ್ತಾದಲ್ಲಿ ತಮ್ಮ ಹೆಸರಿನ ಸಂಗೀತ ಶಾಲೆ ತೆರೆದರು. 1965ರಲ್ಲಿ ಪಾಠ ಹೇಳೋಕೆ ಬರ್ಕ್ಲಿಗೆ ಕರೆ ಬಂತು. ಕಲಿಯೋರ ಉತ್ಸಾಹ ಕಂಡು 1967ರಲ್ಲಿ ಬರ್ಕ್ಲಿಯಲ್ಲೇ ಅಲಿ ಅಕ್ಬರ್ ಕಾಲೇಜ್ ಆಫ್ ಮ್ಯೂಸಿಕ್ ಶುರುವಾಯಿತು. ಮರುವರ್ಷ ಅದು ಗೋಲ್ಡನ್ ಗೇಟ್ ಸೇತುವೆಯ ಆಚೆ, ಮರಿನ್ ಕೌಂಟಿಯ ಸ್ಯಾನ್ ರಫೇಲ್ ಊರಿಗೆ ಹೋಯಿತು. ಅಲ್ಲಿಂದ ಅದು ಕದಲಲಿಲ್ಲ. ಅವರೂ ಅಷ್ಟೇ, 2009ರ ಜೂನ್ 18ರಂದು ಪಕ್ಕದ ಸ್ಯಾನ್ ಆನ್ಸೆಲ್ಮೊದಲ್ಲಿ ಕಣ್ಣು ಮುಚ್ಚುವ ತನಕ ಇಲ್ಲೇ.

ಒಂದು ಸಣ್ಣ ವಿಷಯ ಗಮನಿಸಿ. ಮೈಹರದಲ್ಲಿ ರಾಜ ಸಾಕಿದ ಸಂಗೀತವನ್ನ, ಜೋಧ್‌ಪುರದಲ್ಲಿ ರಾಜ ಸಾಕಿದ ಸಂಗೀತವನ್ನ, ಇಲ್ಲಿ ಸಾಕಿದವರು ಫೀಸು ಕಟ್ಟುವ ವಿದ್ಯಾರ್ಥಿಗಳು. ಉದ್ದ ಕೂದಲಿನ ಹಿಪ್ಪಿಗಳು, ಗಿಟಾರ್ ಬಾರಿಸುವವರು, ಜಾಝಿನವರು, ಕುತೂಹಲಕ್ಕೆ ಬಂದು ಇಪ್ಪತ್ತು ಮೂವತ್ತು ವರ್ಷ ಉಳಿದುಬಿಟ್ಟವರು. ತರಗತಿಯಲ್ಲಿ ಮಾತ್ರ ಬೆರಕೆಗೆ ಜಾಗ ಇರಲಿಲ್ಲ. ರಾಗ, ಬಂದಿಶ್, ಆಲಾಪ, ತಾನ, ಅಷ್ಟೇ. ವಾದ್ಯ ಯಾವುದೇ ಇರಲಿ, ಮೊದಲು ಬಾಯಲ್ಲಿ ಹಾಡಿ ಕಲಿಯಬೇಕು.

ಆದರೆ ತರಗತಿಯ ಬಾಗಿಲು ದಾಟಿದರೆ ಬೇರೆಯೇ ಲೋಕ. ಹಿರಿಯ ಮಗ ಆಶಿಶ್ ಖಾನ್, ಜಾಕಿರ್ ಹುಸೇನರ ಜೊತೆ ಸೇರಿ 'ಶಾಂತಿ' ಅನ್ನೋ ರಾಕ್ ತಂಡ ಕಟ್ಟಿ 1971ರಲ್ಲಿ ಆಲ್ಬಮ್ ತಂದರು. ಅದೇ ವರ್ಷ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಚೇರಿ ನಡೆದಾಗ ರವಿಶಂಕರ್, ಅಲಿ ಅಕ್ಬರ್, ಅಲ್ಲಾರಖಾ ಕೂತು ನುಡಿಸಿದ್ದು ಘನರಾಗವನ್ನಲ್ಲ, ಬಂಗಾಳದ ಜನಪದ ಧಾಟಿಯ 'ಬಾಂಗ್ಲಾ ಧುನ್'. ಬಾಬಾ ಬಾಲ್ಯದಲ್ಲಿ ಕೇಳಿದ ಹಳ್ಳಿ ನಾಡಿನ ಧಾಟಿ ಅದು, ಆ ನಾಡಿಗೆ ಕಷ್ಟ ಬಂದಾಗ ರಾಕ್ ಸಂಗೀತಗಾರರ ವೇದಿಕೆಯಿಂದ ಕೇಳಿಬಂತು.

1975ರಲ್ಲಿ ಅಲಿ ಅಕ್ಬರ್ ಸ್ವತಃ ಬೇ ಏರಿಯಾದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜೊತೆ 'ಕರುಣಾ ಸುಪ್ರೀಮ್' ಧ್ವನಿಮುದ್ರಿಸಿದರು. ಕಾಲೇಜಿನ ತಾಳವಾದ್ಯ ತಂಡ ಗ್ರೇಟ್‌ಫುಲ್ ಡೆಡ್‌ನ ಮಿಕಿ ಹಾರ್ಟ್ ಜೊತೆ ಸೇರಿ 1976ರಲ್ಲಿ 'ಡಿಗಾ ರಿದಮ್ ಬ್ಯಾಂಡ್' ಆಯಿತು. 1996ರಲ್ಲಿ ಆಶಾ ಭೋಸ್ಲೆಯವರನ್ನ ಕೂರಿಸಿಕೊಂಡು ಹಳೇ ಬಂದಿಶ್‌ಗಳ 'ಲೆಗಸಿ' ತಂದರು. ತಾವೇ ಸೃಷ್ಟಿಸಿದ ಚಂದ್ರನಂದನ್ ರಾಗ ಕೂಡ ಮಾಲಕೌಂಸ್, ಚಂದ್ರಕೌಂಸ್, ನಂದಕೌಂಸ್, ಕೌಶಿ ಕಾನಡಾ ಸೇರಿದ ಬೆರಕೆಯೇ. ಇಷ್ಟಾದರೂ ಅವರನ್ನ ಯಾರೂ 'ಫ್ಯೂಶನ್ ಕಲಾವಿದ' ಅನ್ನಲಿಲ್ಲ. ಯಾಕೆ? ಅದಕ್ಕೆ ಆಮೇಲೆ ಬರ್ತೀನಿ.

ನಮ್ಮ ರಾಜೀವರು

ಕನ್ನಡಿಗರಾದ ನಾವು ಈ ಕಥೆಯಲ್ಲಿ ಬರೀ ಪ್ರೇಕ್ಷಕರಲ್ಲ. ರಾಯಚೂರಿನ ಹಮ್‌ದರ್ದ್ ಶಾಲೆಯ ಪಂಡಿತ ತಾರಾನಾಥರ ಹೆಸರು ಕೇಳಿರ್ತೀರಿ. ಅವರ ಮಗ ರಾಜೀವ ತಾರಾನಾಥರು ಹುಟ್ಟಿದ್ದು 1932ರಲ್ಲಿ. ಮೊದಲು ಅಪ್ಪನ ಹತ್ತಿರ ಗಾಯನ ಕಲಿತರು. ಇಂಗ್ಲಿಷ್ ಸಾಹಿತ್ಯದಲ್ಲಿ ಟಿ.ಎಸ್. ಎಲಿಯಟ್ ಬಗ್ಗೆ ಪಿಎಚ್‌ಡಿ, ನವ್ಯದ ಕಾಲದ ಚುರುಕು ವಿಮರ್ಶಕ, ಅಧ್ಯಾಪಕ. ಬೆಂಗಳೂರಲ್ಲಿ 1950ರ ದಶಕದಲ್ಲಿ ಅಲಿ ಅಕ್ಬರರ ಸರೋದ್ ಕಿವಿಗೆ ಬಿದ್ದದ್ದೇ ತಡ, ಬದುಕಿನ ದಿಕ್ಕೇ ಬದಲಾಯಿತು. ಕಲ್ಕತ್ತಾಗೆ ಹೋಗಿ ಶಿಷ್ಯರಾದರು, ಗುರುವಿನ ಕೊನೆಗಾಲದವರೆಗೂ ಶಿಷ್ಯರಾಗಿಯೇ ಉಳಿದರು. 1995ರಿಂದ 2005ರವರೆಗೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್‌ನಲ್ಲಿ ಹಿಂದೂಸ್ತಾನಿ ಸಂಗೀತ ಕಲಿಸಿದರು. 2019ರಲ್ಲಿ ಪದ್ಮಶ್ರೀ ಬಂತು. 2024ರ ಜೂನ್ 11ರಂದು ಮೈಸೂರಲ್ಲಿ ತೀರಿಕೊಂಡರು.

ಇವರು ಎಷ್ಟು ಕಟ್ಟುನಿಟ್ಟಿನ ಮೈಹರಿಗರು ಅನ್ನೋದು ಅವರ ಆಲಾಪ ಕೇಳಿದವರಿಗೆ ಗೊತ್ತು. ಆದರೆ 'ಸಂಸ್ಕಾರ' (1970) ಸಿನಿಮಾಕ್ಕೆ ಸಂಗೀತ ಯಾರದ್ದು ಅಂತ ನೆನಪಿದೆಯಾ? ಇವರದ್ದೇ. 'ಪಲ್ಲವಿ', ಮಲಯಾಳಂನ 'ಕಾಂಚನ ಸೀತಾ' ಕೂಡ ಇವರದ್ದೇ. ಮಠದ ಹಾಗಿರುವ ಮನೆಯಿಂದ ಹೊರಗೆ ಬಂದು ಆ ಕಾಲದ ಹೊಸ ಕಲೆಗೆ ತಂತಿ ಜೋಡಿಸಿಕೊಟ್ಟರು. ಸಿನಿಮಾ ಮಾಡಿದ್ದಕ್ಕೆ ಅವರ ರಾಗ ಕೆಡಲಿಲ್ಲ.

ಅದೇ ಕೌಂಟಿ, ಇನ್ನೊಂದು ಸಂಗೀತ

ಈಗ ಹಿಪ್‌ಹಾಪ್‌ಗೆ ಬರೋಣ. ಸರೋದ್ ಕಾಲೇಜಿರುವ ಸ್ಯಾನ್ ರಫೇಲ್‌ನಿಂದ ಹತ್ತು ಮೈಲಿಯೊಳಗೆ ಮರಿನ್ ಸಿಟಿ ಅನ್ನೋ ಪುಟ್ಟ ಊರಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪಕ್ಕದ ಸಾಸಲಿಟೊದ ಹಡಗುಕಟ್ಟೆಯ ಕೆಲಸಗಾರರಿಗಾಗಿ ಕಟ್ಟಿದ್ದು. ಯುದ್ಧ ಮುಗಿದ ಮೇಲೆ ಬಿಳಿಯರು ಬೇರೆ ಕಡೆ ಮನೆ ಮಾಡಿಕೊಂಡು ಹೋದರು. ಕರಿಯರಿಗೆ ಸುತ್ತಲಿನ ಊರುಗಳಲ್ಲಿ ಮನೆ ಕೊಡುವವರಿರಲಿಲ್ಲ, ಹಾಗಾಗಿ ಅಲ್ಲೇ ಉಳಿದರು. ಅಮೆರಿಕದ ಶ್ರೀಮಂತ ಕೌಂಟಿಗಳಲ್ಲೊಂದರ ನಡುವೆ ಒಂದು ಬಡ ದ್ವೀಪ. 1988ರಲ್ಲಿ ಅಲ್ಲಿಗೆ ಬಂದ ಒಬ್ಬ ಹದಿಹರೆಯದ ಹುಡುಗ ಪಕ್ಕದ ಮಿಲ್ ವ್ಯಾಲಿಯ ಟ್ಯಾಮಲ್‌ಪೈಸ್ ಹೈಸ್ಕೂಲಿಗೆ ಹೋಗ್ತಿದ್ದ, ಕವಿತೆ ಬರೀತಿದ್ದ. ಅವನೇ ಟುಪಾಕ್ ಶಕೂರ್. ಓಕ್ಲೆಂಡಿನ 'ಡಿಜಿಟಲ್ ಅಂಡರ್‌ಗ್ರೌಂಡ್' ಗುಂಪು ಸೇರಿ, 1991ರಲ್ಲಿ ಮೊದಲ ಆಲ್ಬಮ್ ತಂದ. ಮೈಹರದ ಆಲಾಪ ಮತ್ತು ಟುಪಾಕನ ರ‍್ಯಾಪ್, ಎರಡೂ ಒಂದೇ ಕೌಂಟಿಯ ಮಂಜಿನಲ್ಲಿ ಬೆಳೆದವು!

ಕೊಲ್ಲಿಯ ಆಚೆ ಓಕ್ಲೆಂಡಿನಲ್ಲಿ 1980ರ ದಶಕದಲ್ಲೇ ಟೂ ಶಾರ್ಟ್ ಅನ್ನೋ ಹುಡುಗ ಕ್ಯಾಸೆಟ್ಟುಗಳನ್ನ ಕಾರಿನ ಡಿಕ್ಕಿಯಲ್ಲಿಟ್ಟು ಮಾರುತ್ತಿದ್ದ. ಈಚೆ ಡೇಲಿ ಸಿಟಿಯ ಫಿಲಿಪಿನೊ ಹುಡುಗರು ಗ್ರಾಮಫೋನ್ ತಿರುಗಣೆಯನ್ನೇ ವಾದ್ಯ ಮಾಡಿಕೊಂಡರು; ಅವರಲ್ಲಿ ಡೀಜೆ ಕ್ಯೂಬರ್ಟ್ ಜಗತ್ಪ್ರಸಿದ್ಧ. ಎಲೈ ಇದ್ದ ಲಿವಿಂಗ್ ಲೆಜೆಂಡ್ಸ್ ಗುಂಪಿನವರು ಬರ್ಕ್ಲಿಯ ಟೆಲಿಗ್ರಾಫ್ ಬೀದಿಯಲ್ಲಿ ನಿಂತು ತಮ್ಮ ಟೇಪುಗಳನ್ನ ತಾವೇ ಮಾರಿದವರು. ಅಲಿ ಅಕ್ಬರರ ಶಾಲೆ ಶುರುವಾದ ಅದೇ ಬರ್ಕ್ಲಿ.

"ರ‍್ಯಾಪ್ ಅಂದರೆ ಸಂಗೀತಾನಾ, ಬರೀ ಮಾತು ತಾನೇ?" ಅನ್ನೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ನಾನು ಕೇಳೋದು ಇಷ್ಟೇ: ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಕೇಳಿದ್ದೀರಾ? ಗಂಡು ಹೆಚ್ಚು ಅಂತ ಒಂದು ಮೇಳ, ಹೆಣ್ಣು ಹೆಚ್ಚು ಅಂತ ಇನ್ನೊಂದು ಮೇಳ. ದಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಪದಕ್ಕೆ ಪದ, ಸವಾಲಿಗೆ ಜವಾಬು. ಎದುರಾಳಿಯ ಬಾಯಿ ಕಟ್ಟಿಸಿದವರೇ ಗೆದ್ದವರು. ಓಕ್ಲೆಂಡಿನ ಬೀದಿಯಲ್ಲಿ ನಡೆಯುವ ರ‍್ಯಾಪ್ ಕದನ ಇದಕ್ಕೆ ದೂರದ ನೆಂಟನಲ್ಲದೆ ಮತ್ತೇನು? ರ‍್ಯಾಪ್ ಅನ್ನೋದು ದೊಡ್ಡ ಊರಿನ ಲಾವಣಿ ಅಂತಲೇ ನನ್ನ ಲೆಕ್ಕ.

ಲೆಹರಾ ಮತ್ತು ಲೂಪು

ಸರಿ, ರಾಗಕ್ಕೂ ರ‍್ಯಾಪಿಗೂ ಹೇಗೆ ಹೊಂದುತ್ತೆ? ಇದಕ್ಕೆ ಸಂಗೀತದೊಳಗಿನ ಒಂದು ಗುಟ್ಟಿದೆ.

ಹಿಂದೂಸ್ತಾನಿಯಲ್ಲಿ ತಬಲಾ ಸೋಲೊ ಕೇಳಿದ್ದರೆ ನಿಮಗೆ ಗೊತ್ತಿರುತ್ತೆ. ತಬಲಾದವರು ಚಮತ್ಕಾರ ತೋರಿಸ್ತಾ ಇರುವಾಗ ಪಕ್ಕದಲ್ಲಿ ಸಾರಂಗಿಯೋ ಹಾರ್ಮೋನಿಯಮ್ಮೋ ಒಂದೇ ಸಾಲನ್ನ ಮತ್ತೆ ಮತ್ತೆ ನುಡಿಸುತ್ತೆ. ಅದೇ 'ಲೆಹರಾ'. ತೀನ್‌ತಾಲ್ ಆದರೆ 16 ಮಾತ್ರೆಗೊಮ್ಮೆ ಸಾಲು ಸುತ್ತಿ 'ಸಮ್'ಗೆ ಬರುತ್ತೆ. ಕೇಳುಗನಿಗೆ ತಾಳದ ನಕ್ಷೆ ಅದು; ಅದನ್ನ ಹಿಡಿದುಕೊಂಡೇ ತಬಲಾದ ಲೆಕ್ಕಾಚಾರ ಅರ್ಥವಾಗೋದು.

ಹಿಪ್‌ಹಾಪಿನ 'ಲೂಪ್' ಮಾಡೋ ಕೆಲಸವೂ ಇದೇ. ನಾಲ್ಕು ನಾಲ್ಕರ ಎಣಿಕೆಯಲ್ಲಿ ಒಂದು ತುಣುಕು ಸುತ್ತುತ್ತಾ ಇರುತ್ತೆ, ಅದರ ಮೇಲೆ ರ‍್ಯಾಪರ್ ತನ್ನ ಮಾತನ್ನ ಒಮ್ಮೆ ಮುಂದೆ ಒಮ್ಮೆ ಹಿಂದೆ ಎಳೆದಾಡಿ ಸಾಲಿನ ಕೊನೆಗೆ ಪ್ರಾಸದಲ್ಲಿ ತಂದು ಕೂರಿಸ್ತಾನೆ. 16 ಮಾತ್ರೆಯ ತೀನ್‌ತಾಲಿನೊಳಗೆ ನಾಲ್ಕರ ನಾಲ್ಕು ಗುಂಪು ಸಲೀಸಾಗಿ ಕೂರುತ್ತವೆ. ಇನ್ನು ತಬಲಾದವರು ಬಾರಿಸೋಕೆ ಮುಂಚೆ ಬೋಲುಗಳನ್ನ ಬಾಯಲ್ಲಿ ಹೇಳ್ತಾರಲ್ಲ, ನಮ್ಮ ಮೃದಂಗದವರು ಕೊನ್ನಕ್ಕೋಲು ಹೇಳ್ತಾರಲ್ಲ, ಅದು ಅರ್ಥವಿಲ್ಲದ ರ‍್ಯಾಪ್. ಇದು ಅರ್ಥವಿರುವ ಕೊನ್ನಕ್ಕೋಲು!

ಆಲಂ ಖಾನರ ಸರೋದು ಇಲ್ಲಿ ಅಲಂಕಾರಕ್ಕಿಟ್ಟ ಹೂದಾನಿ ಅಲ್ಲ. ಯಾವುದೋ ಹಳೇ ರೆಕಾರ್ಡಿನಿಂದ ಕತ್ತರಿಸಿ ಅಂಟಿಸಿದ 'ಇಂಡಿಯನ್ ಸೌಂಡ್' ಕೂಡ ಅಲ್ಲ. ಎದುರಿಗಿರುವ ಮಾತಿಗೆ ಕಿವಿಗೊಟ್ಟು ನುಡಿಸೋ ಜೀವಂತ ವಾದ್ಯ. ಅದರ 25 ತಂತಿಗಳಲ್ಲಿ 15 ತರಬ್ ತಂತಿಗಳು ತಾವಾಗಿ ಮೀಟಿಸಿಕೊಳ್ಳೋದಿಲ್ಲ, ಮೇಲಿನ ಸ್ವರ ತಮ್ಮದಾದಾಗ ಮಾತ್ರ ತಾವೂ ದನಿಗೂಡಿಸುತ್ತವೆ. ರಾಗದ ಸ್ವರ ಆಚೀಚೆ ಆದರೆ ಅವು ಸುಮ್ಮನಾಗಿಬಿಡುತ್ತವೆ. ಅಂದರೆ ಪಕ್ಕದಲ್ಲಿ ಯಾರೇ ಕೂತಿರಲಿ, ಸರೋದಿನವನು ಶ್ರುತಿ ಬಿಟ್ಟರೆ ಮೊದಲು ಚಾಡಿ ಹೇಳೋದು ಅವನ ವಾದ್ಯವೇ.

ಸಲಾರ್ ನಾದರ್ ಅಲ್ಲಿರೋದೂ ಚೆಂದದ ಕಾಕತಾಳೀಯ. ಸರೋದಿನ ಮುತ್ತಜ್ಜ ರಬಾಬ್ ಅಫ್ಘನ್ನರದು ಅಂದೆನಲ್ಲ. ನಮ್ಮ ಕನ್ನಡದವರು ಕಿಕ್ಕಿರಿದಿರುವ ಫ್ರೀಮಾಂಟ್ ಅಫ್ಘನ್ನರಿಗೂ ದೊಡ್ಡ ನೆಲೆ, ಅಲ್ಲಿನ ಒಂದು ಕೇರಿಗೆ 'ಲಿಟ್ಲ್ ಕಾಬೂಲ್' ಅಂತಲೇ ಹೆಸರು. ರಬಾಬಿನ ದೊಡ್ಡ ಕಲಾವಿದ ಹೊಮಾಯೂನ್ ಸಖಿ ಬಂದು ನೆಲೆಸಿದ್ದೂ ಅಲ್ಲೇ. ಸಖಿಯವರ ಜೊತೆ ಧ್ವನಿಮುದ್ರಿಸಿದ ಸ್ಯಾನ್ ಫ್ರಾನ್ಸಿಸ್ಕೊದ ಕ್ರೋನೊಸ್ ಕ್ವಾರ್ಟೆಟ್ ಅನ್ನೋ ಪಾಶ್ಚಾತ್ಯ ತಂತಿವಾದ್ಯದ ತಂಡವೇ 2005ರಲ್ಲಿ ಆಶಾ ಭೋಸ್ಲೆ, ಜಾಕಿರ್ ಜೊತೆ ಸೇರಿ ಆರ್.ಡಿ. ಬರ್ಮನ್ ಹಾಡುಗಳ ಆಲ್ಬಮ್ ಮಾಡಿದ್ದು. ಸುತ್ತಿ ಸುತ್ತಿ ಮತ್ತೆ ಅಲಿ ಅಕ್ಬರರ ಶಿಷ್ಯನಿಗೇ ಬಂದ ಹಾಗಾಯ್ತು. ಓಕ್ಲೆಂಡಿನಲ್ಲಿ ಜೂವಾನ್ ಕಿಮ್ ಅನ್ನೋ ಕೊರಿಯಾ ಮೂಲದ ಸಂಗೀತಗಾರ ಪಿಟೀಲು, ಚೆಲ್ಲೊ, ಕೊಳಲುಗಳ ಜೊತೆ ರ‍್ಯಾಪರ್‌ಗಳನ್ನ ನಿಲ್ಲಿಸಿ 'ಆನ್ಸಾಂಬಲ್ ಮಿಕ್ ನವೂಜ್' ಕಟ್ಟಿದ್ದಾರೆ (ಅವರ ಹೆಸರನ್ನೇ ತಿರುಗಾಮುರುಗಾ ಓದಿ, ತಂಡದ ಹೆಸರು ಸಿಗುತ್ತೆ). ಈ ನೆಲದ ಗುಣವೇ ಹಾಗೇನೋ.

ಹಾಗಾದರೆ ಏನು ಬೇಕಾದರೂ ಬೆರೆಸಬಹುದಾ?

ಇಲ್ಲ. ಇಲ್ಲೇ ನನ್ನ ಮುಖ್ಯ ಮಾತು ಇರೋದು.

ಬಾಬಾ ಬ್ಯಾಂಡ್ ಕಟ್ಟೋಕೆ ಮುಂಚೆ ಪ್ರತಿ ವಾದ್ಯವನ್ನೂ ಆಯಾ ಗುರುವಿನ ಮನೆಗೆ ಹೋಗಿ ಕಲಿತಿದ್ದರು. ಪಿಟೀಲನ್ನ ಪಿಟೀಲಿನವರ ಹತ್ತಿರ, ಬೀನಿನ ವಿದ್ಯೆಯನ್ನ ಬೀನಕಾರರ ಹತ್ತಿರ. ಚೌಡಯ್ಯನವರಿಗೆ ನಾಲ್ಕು ತಂತಿ ಒಲಿದಿತ್ತು, ಆಮೇಲೆ ಏಳು ಕಟ್ಟಿದರು. ಕದ್ರಿಯವರಿಗೆ ನಾಗಸ್ವರದ ಮನೆಯ ಸಂಗೀತ ರಕ್ತದಲ್ಲಿತ್ತು. ಆಲಂ ಖಾನ್ ಚಿಕ್ಕಂದಿನಿಂದ ಅಪ್ಪನ ಎದುರು ಕೂತು ಕಲಿತವರು, 2009ರ ನಂತರ ಸ್ಯಾನ್ ರಫೇಲಿನ ಕಾಲೇಜಿನಲ್ಲಿ ಪಾಠದ ಹೊಣೆ ಹೊತ್ತವರು, ಅದೇ ರಾಗ ಅದೇ ಬಂದಿಶ್. ಎಲೈ ಕೂಡ ಬೀದಿಯಲ್ಲಿ ಟೇಪು ಮಾರಿ ತನ್ನ ಕಲೆಯಲ್ಲಿ ಪಳಗಿದವನು. ಅಲಿ ಅಕ್ಬರರನ್ನ ಯಾಕೆ ಯಾರೂ ಫ್ಯೂಶನ್ನಿನವರು ಅನ್ನಲಿಲ್ಲ ಅಂದೆನಲ್ಲ, ಕಾರಣ ಇದೇ. ಅವರು ಇನ್ನೊಬ್ಬರ ಮನೆಗೆ ಊಟಕ್ಕೆ ಹೋದಾಗಲೂ ತಮ್ಮ ಮನೆಯ ವಿಳಾಸ ಮರೆಯಲಿಲ್ಲ.

ಈಗ ನಮ್ಮ ಮನೆಗಳನ್ನ ನೋಡಿ. ಇಲ್ಲಿ 1973ರಿಂದ ಕನ್ನಡ ಕೂಟ ಇದೆ, ಸನಿವೇಲ್‌ನಿಂದ ಫ್ರೀಮಾಂಟ್ ತನಕ ಬೀದಿಗೊಂದು ಸಂಗೀತದ ಕ್ಲಾಸು. ಹುಡುಗಿ ಶಾಲೆಯ ಆರ್ಕೆಸ್ಟ್ರಾದಲ್ಲಿ ವಾರಕ್ಕೆ ಮೂರು ದಿನ ಪಿಟೀಲು ನುಡಿಸ್ತಾಳೆ. ಶನಿವಾರ ಅದೇ ಪಿಟೀಲನ್ನ ನೆಲದಲ್ಲಿ ಕೂತು ಪಾದದ ಮೇಲಿಟ್ಟು ವರ್ಣ ಬಾರಿಸ್ತಾಳೆ. ಕಾರಲ್ಲಿ ಬರುವಾಗ ಕಿವಿಗೆ ರ‍್ಯಾಪ್. ಮೂರು ಲೋಕ, ಒಂದೇ ಹುಡುಗಿ. ಅಪ್ಪ ಅಮ್ಮ ಏನ್ಮಾಡ್ತಾರೆ? ಶನಿವಾರದ ಲೋಕ ಮಾತ್ರ 'ನಮ್ಮದು' ಅಂತ ಉಪ್ಪಿನಕಾಯಿ ಭರಣಿಯ ಹಾಗೆ ಬಟ್ಟೆ ಕಟ್ಟಿ ಎತ್ತಿಡ್ತಾರೆ. ಒದ್ದೆ ಸೌಟು ತಗುಲಿದರೆ ಬೂಷ್ಟು ಹಿಡಿಯುತ್ತೆ ಅನ್ನೋ ಭಯ. ಊರು ಬಿಟ್ಟು ಬಂದವರಿಗೆ ಈ ಭಯ ಸಹಜ, ನನಗೂ ಅರ್ಥವಾಗುತ್ತೆ. ಆದರೆ ಎಷ್ಟು ಮಕ್ಕಳು ಕಾಲೇಜಿಗೆ ಹೋದ ದಿನ ಆ ಪಿಟೀಲನ್ನ ಪೆಟ್ಟಿಗೆಯಲ್ಲಿಟ್ಟು ಮತ್ತೆ ತೆಗೆಯೋದೇ ಇಲ್ಲ, ಯೋಚಿಸಿದ್ದೀರಾ? ಅಪ್ಪ ಅಮ್ಮನಿಗಾಗಿ ಕಲಿತದ್ದು ಅಪ್ಪ ಅಮ್ಮನ ಮನೆಯಲ್ಲೇ ಉಳಿದುಬಿಡುತ್ತೆ.

ಮೈಹರದ ಸಂಗೀತ ಮೂರು ತಲೆಮಾರು, ಎರಡು ಖಂಡ ದಾಟಿ ಬದುಕಿದ್ದು ಭರಣಿಯಲ್ಲಿ ಇಟ್ಟದ್ದಕ್ಕಲ್ಲ. ದಿನಾ ಅಡಿಗೆಗೆ ಬಳಸಿದ್ದಕ್ಕೆ. ಆದ್ದರಿಂದ ನಿಮ್ಮ ಮಗಳು ಮೋಹನ ರಾಗದ ಒಂದು ತುಣುಕನ್ನ ಲೂಪ್ ಮಾಡಿ ಅದರ ಮೇಲೆ ಏನೋ ಗೊಣಗುತ್ತಿದ್ದರೆ "ಹಾಳು ಮಾಡ್ಬೇಡ" ಅಂತ ಗದರಬೇಡಿ. "ಆ ಗಾಂಧಾರ ಸರಿಯಾಗಿ ನಿಂತಿದೆಯೇನಮ್ಮ?" ಅಂತ ಕೇಳಿ. ನಿಂತಿದ್ದರೆ ಕೂತು ಕೇಳಿ. ನಿಂತಿಲ್ಲದಿದ್ದರೆ, ಶನಿವಾರದ ಕ್ಲಾಸಿಗೆ ಹೋಗೋಕೆ ಅವಳಿಗೇ ಒಂದು ಕಾರಣ ಸಿಕ್ಕಿತು.

ಪುರುಸೊತ್ತು ಇದ್ದಾಗ ಹೀಗೆ ಮಾಡಿ: ಮೊದಲು ಅಲಿ ಅಕ್ಬರರ ಚಂದ್ರನಂದನ್ ಕೇಳಿ, ಆಮೇಲೆ ಕರುಣಾ ಸುಪ್ರೀಮ್, ನಂತರ ನಮ್ಮ ರಾಜೀವರ ಯಾವುದಾದರೂ ಆಲಾಪ, ಕೊನೆಗೆ ಗ್ರ್ಯಾಂಡ್ ಟ್ಯಾಪೆಸ್ಟ್ರಿ. ಸಾಧ್ಯವಾದರೆ ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೊನೆಯದು ನಿಮಗೆ ಹಿಡಿಸದೇ ಇರಬಹುದು, ಮೊದಲನೆಯದು ಅವರಿಗೆ ಹಿಡಿಸದೇ ಇರಬಹುದು. ನಡುವಿನ ಎರಡರಲ್ಲಿ ಎಲ್ಲಾದರೂ ಇಬ್ಬರೂ ಒಟ್ಟಿಗೆ ತಲೆದೂಗಿದರೆ, ಎಲ್ಲಿ ಅಂತ ನನಗೂ ಹೇಳಿ ಆಯ್ತಾ?